ಕುಡಿಯದೆ ಕೆಳಗಿಟ್ಟ ಕಾಫಿ

ಅರಬ್ಬರ ನಾಡಿನ ಅಮ್ಮಾನ್ ನಗರದ ರುದೈನಾಗೆ ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಅವಳ ಕೆಲಸ ಏನೆಂದು ಹೆತ್ತ ತಾಯಿಗೂ ಅರ್ಥವಾಗಿರಲಿಲ್ಲ. "ಕಂಪನಿಗಳು ಎಷ್ಟು ಹೊಗೆ ಬಿಡ್ತವೆ ಅಂತ ಲೆಕ್ಕ ಹಾಕ್ತಾಳೆ" ಎಂದು ತಾಯಿ ಹೇಳಿದರೆ, ಹೆಣ್ಣು ನೋಡಲು ಬಂದವರು ಮುಖ ಮುಖ ನೋಡಿಕೊಂಡು ಎದ್ದು ಹೋಗುತ್ತಿದ್ದರು. ರುದೈನಾಗೆ ಅದರಿಂದ ನೆಮ್ಮದಿಯೇ.

ಅವಳ ತಲೆನೋವು ಬೇರೆಯದು. ಊರಿನ ಹೂಡಿಕೆ ಕಂಪನಿಯೊಂದು ಹವಾಮಾನಕ್ಕಾಗಿ ಏನೇನೋ ಮಾಡುತ್ತೇವೆಂದು ಸಾರಿಕೊಂಡು, ಅದನ್ನು ತೂಗಿ ನೋಡುವ ಕೆಲಸವನ್ನು ಇವಳಿಗೆ ಒಪ್ಪಿಸಿತ್ತು. ಹೋದಾಗಲೆಲ್ಲ ವ್ಯವಸ್ಥಾಪಕ ಹಾಯೆಲ್ ಕರೆಂಟ್ ಬಿಲ್ಲು, ಹೊಸ ಬಲ್ಬು, ಛಾವಣಿಯ ಸೋಲಾರ್ ತೋರಿಸಿ ಸಾಗಹಾಕುತ್ತಿದ್ದ. ದುಡ್ಡು ಹೂಡಿದ ಸಿಮೆಂಟ್ ಕಾರ್ಖಾನೆಗಳ ಹೊಗೆಯ ಲೆಕ್ಕ ಕೇಳಿದರೆ, "ಅದು ಅವರ ಹೊಗೆ ಮೇಡಂ, ನಮ್ದಲ್ಲ" ಎನ್ನುತ್ತಿದ್ದ. ಆ ಲೆಕ್ಕವಿಲ್ಲದೆ ವರದಿಗೆ ಸಹಿ ಹಾಕಿದರೆ ಅವಳ ಹೆಸರು ಮಣ್ಣುಪಾಲು. ಹಾಕದಿದ್ದರೆ ಕೆಲಸವೇ ಹೋಗುತ್ತಿತ್ತು.

ಮೈಯೆಲ್ಲ ಉರಿದು, ಒಂದು ಶುಕ್ರವಾರ ಅವಳು ಹಾಯೆಲ್‌ನ ತಂದೆ, ಕಂಪನಿಯ ಅಧ್ಯಕ್ಷ ಅಬು ಹಾಯೆಲ್‌ನ ಮನೆಗೇ ಹೋದಳು. ನಮಾಜು ಮುಗಿಸಿ ಬಂದ ನೆಂಟರೆಲ್ಲ ಗೋಡೆಗೊರಗಿ ಕೂತಿದ್ದರು, ಹಾಯೆಲ್ ಕೂಡ. ಮುದುಕ ತಾನೇ ಏಲಕ್ಕಿ ಕಾಫಿ ಬಗ್ಗಿಸಿ ಬಟ್ಟಲು ಕೊಟ್ಟ. ರುದೈನಾ ಅದನ್ನು ತುಟಿಗೆ ತಾಗಿಸದೆ ಕೆಳಗಿಟ್ಟಳು.

ಹರಟೆ ಗಕ್ಕನೆ ನಿಂತಿತು. ಹಾಗೆ ಕಾಫಿ ಕೆಳಗಿಡುವುದು ಹೆಣ್ಣು ಕೇಳಲು ಬಂದ ಗಂಡಸರ ಪದ್ಧತಿ. ಕೇಳಿದ್ದನ್ನು ಕೊಡುತ್ತೇನೆಂದು ಮನೆಯ ಯಜಮಾನ ಮಾತು ಕೊಡುವವರೆಗೂ ಕುಡಿಯುವಂತಿಲ್ಲ. ಕಾಫಿ ಆರಿಹೋದರೆ ಮನೆತನದ ಮಾನ ಹೋದಂತೆ. ಹೆಂಗಸೊಬ್ಬಳು ಹಾಗೆ ಇಟ್ಟದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಎಲ್ಲರ ಕಣ್ಣೂ ಹೆಂಡತಿ ತೀರಿಹೋಗಿ ಒಂಟಿಯಾಗಿದ್ದ ಹಾಯೆಲ್‌ನ ಮೇಲೆ ಬಿತ್ತು. ಹಾಯೆಲ್ ಬೆವತುಹೋದ.

ಮುದುಕ ಮಗನನ್ನೊಮ್ಮೆ ನೋಡಿ, "ಕುಡಿ ಮಗಳೇ, ನೀನು ಕೇಳೋಕೆ ಬಂದಿದ್ದು ಕೊಟ್ಟಾಯ್ತು" ಎಂದ.

"ನೀವು ದುಡ್ಡು ಹಾಕಿರೋ ಕಂಪನಿಗಳ ಹೊಗೆ ಲೆಕ್ಕ ಬೇಕು ಯಜಮಾನ್ರೇ. ಪೂರ್ತಿ."

"ಅಷ್ಟೇನಾ?" ಮುದುಕನ ಮುಖ ಸಪ್ಪಗಾಯಿತು. "ಇವನನ್ನ ಕರ್ಕೊಂಡು ಹೋಗ್ತೀಯೇನೋ ಅಂದ್ಕೊಂಡೆ."

"ಅಪ್ಪಾ, ಆ ಲೆಕ್ಕ ಹೊರಗೆ ಬಂದ್ರೆ..." ಎಂದ ಹಾಯೆಲ್.

"ಬಾಯ್ಮುಚ್ಚೋ. ಮಾತು ಕೊಟ್ಟಾಗಿದೆ."

ರುದೈನಾ ಕಾಫಿ ಕುಡಿದಳು. ಅಂಥ ರುಚಿಯಾದ ಕಾಫಿಯನ್ನು ಅವಳು ಜನ್ಮದಲ್ಲಿ ಕುಡಿದಿರಲಿಲ್ಲ.

ಲೆಕ್ಕ ಬಂತು. ಕಚೇರಿಯ ಬಲ್ಬುಗಳ ಹೊಗೆ ಅದರ ಮುಂದೆ ಸಾಸಿವೆಯಷ್ಟೂ ಇರಲಿಲ್ಲ. ವರದಿಯನ್ನು ಅವಳು ಮುದುಕನಿಗೆ ಓದಿ ಹೇಳುವಾಗ ಅವನು ಸಿಗರೇಟು ಸೇದುತ್ತ ಕೇಳಿಸಿಕೊಂಡ. ಕೊನೆಯಲ್ಲಿ ಮಾತ್ರ ತಡೆದ.

"ಎರಡು ಸಾವಿರದ ಐವತ್ತಕ್ಕೆ ಹೊಗೆ ಸೊನ್ನೆ ಮಾಡ್ತೀವಿ ಅಂತ ಮಾತು ಕೊಟ್ಟೋನು ಯಾರು?"

"ನೀವೇ. ನಿಮ್ಮ ಫೋಟೊ ಕೆಳಗೇ ಅಚ್ಚಾಗಿದೆ."

"ನಂಗೀಗ್ಲೇ ಎಂಬತ್ತೊಂದು! ಅಷ್ಟೊತ್ತಿಗೆ ಗೋರಿ ಹತ್ರ ಬಂದು ಕೇಳ್ತೀಯಾ?" ಪಕ್ಕದಲ್ಲಿದ್ದ ಮಗನತ್ತ ತಿರುಗಿದ. "ಇದನ್ನ ಮಾತು ಅಂತಾರೇನೋ?"

"ಎಲ್ಲಾ ಕಂಪನಿಯವರೂ ಹಂಗೇ ಬರೀತಾರಪ್ಪ" ಎಂದು ಹಾಯೆಲ್ ಗೊಣಗಿದ.

"ಮಗಳೇ, ಅದನ್ನ ಹೊಡೆದು ಹಾಕು. ಐದು ವರ್ಷದಲ್ಲಿ ಅರ್ಧ ಇಳಿಸ್ತೀನಿ ಅಂತ ಬರಿ."

"ನಾನು ತೂಗೋಳಷ್ಟೇ ಯಜಮಾನ್ರೇ. ಮಾತು ನಿಮ್ದು, ನೀವೇ ಬರೀಬೇಕು."

ಮುದುಕ ಪೆನ್ನು ಕಿತ್ತುಕೊಂಡು ಬರೆದು ಸಹಿ ಹಾಕಿದ. ಆಮೇಲೆ ಬೆರಳ ಸಂದಿಯಲ್ಲಿ ಉರಿಯುತ್ತಿದ್ದ ಸಿಗರೇಟನ್ನು ದಿಟ್ಟಿಸಿ ನೋಡಿ, ತಟ್ಟೆಗೆ ಒತ್ತಿ ಹೊಸಕಿದ.

"ಇನ್ನೈದು ವರ್ಷ ಬದುಕ್ಬೇಕಲ್ಲ, ಹಾಳಾದ್ದು!"