ದಾರದಕ್ಕ ಹೊಲಿದ ಫೋನು

ನಮ್ಮ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ದಾರದಕ್ಕ ಎಂದರೆ ಎಲ್ಲರಿಗೂ ಗೊತ್ತು. ಶಾಲೆಯ ಸಮವಸ್ತ್ರ, ಕಾರ್ಖಾನೆಯವರ ಅಂಗಿ, ಹರಿದ ಪರದೆ, ಯಾವುದೇ ಬರಲಿ, ಮೊದಲು ಕಿಟಕಿಯ ಬೆಳಕಿಗೆ ಹಿಡಿಯುವಳು. ಆಮೇಲೆ ಗೋಡೆಯ ಮೊಳೆಗಳಲ್ಲಿ ಸಿಕ್ಕಿಸಿದ ನೂರಾರು ರೀಲುಗಳಲ್ಲಿ ಅದರ ಬಣ್ಣ ಹುಡುಕುವಳು. ಸಿಗದಿದ್ದರೆ ಬಟ್ಟೆ ವಾಪಸ್. ಬೇರೆ ಬಣ್ಣದ ದಾರ ಹಾಕಿದರೆ ಹಲ್ಲಿನಲ್ಲಿ ಸೊಪ್ಪು ಸಿಕ್ಕಿದ ಹಾಗೆ ಕಾಣುತ್ತದೆ ಎಂಬುದು ಅವಳ ವಾದ.

ಗುಂಡಿ, ಕಾಜದ ಕೆಲಸಕ್ಕೆ ನಾನು ಅವಳ ಹತ್ತಿರ ಸೇರಿ ಬಹಳ ಕಾಲವಾಯಿತು. ಮುಂದಿನ ಕೋಣೆಯಲ್ಲಿ ಎರಡು ಮಷೀನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಹಿಂದಿನ ಕೋಣೆಯಲ್ಲಿ ಅವಳೂ ಅವಳ ತಮ್ಮನೂ. ಗಂಡ ತೀರಿಕೊಂಡ ಮೇಲೆ ಅವಳಿಗೆ ತಮ್ಮನೇ ದಿಕ್ಕು, ಮದುವೆಯಾಗದ ತಮ್ಮನಿಗೆ ಅಕ್ಕನೇ ಮನೆ. ಅವನು ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಕಂಡವರ ಕಟ್ಟಡಗಳಲ್ಲಿ ಏರಿ ಇಳಿದು ಬಂದು, ಸಂಜೆ ಅಕ್ಕ ಹೊಲಿದದ್ದರಲ್ಲಿ ತಪ್ಪು ಹುಡುಕುವುದು ಅವನ ವಿಶ್ರಾಂತಿ.

"ಅಕ್ಕ, ಎಡಗಡೆ ತೋಳು ಅರ್ಧ ಇಂಚು ಉದ್ದ ಆಯ್ತು."

"ತೋಳು ಸರಿಯಾಗೇ ಇದೆ. ಕೈ ಗಿಡ್ಡ. ಅದನ್ನ ಅಮ್ಮನ್ನ ಕೇಳ್ಬೇಕಿತ್ತು."

ಆ ವರ್ಷ ನಮ್ಮ ನಲ್ಲಿಗಳಲ್ಲಿ ಬಣ್ಣದ ನೀರು ಬರತೊಡಗಿತು. ಬೀದಿಯವರೆಲ್ಲ ಸೇರಿ ನೀರಿನ ಕಚೇರಿಗೆ ಹೋದೆವು. ಪೈಪು ಹಳೆಯದು, ಕುದಿಸಿ ಕುಡಿಯಿರಿ ಎಂದರು. ಮತ್ತೆ ಹೋದಾಗ, ನೀರು ಸ್ವಚ್ಛವಾಗಿಯೇ ಇದೆ ಎಂದರು. ಒಂದು ಬೆಳಿಗ್ಗೆ ದಾರದಕ್ಕ ಗಾಜಿನ ಲೋಟದಲ್ಲಿ ನೀರು ಹಿಡಿದು, ಅಭ್ಯಾಸಬಲದಿಂದ ಕಿಟಕಿಗೆ ಹಿಡಿದಳು. ಅದೇ ಅಭ್ಯಾಸದಿಂದ ಗೋಡೆ ನೋಡಿ, ಕಂದು ಬಣ್ಣದ ಒಂದು ರೀಲು ತೆಗೆದು ಪಕ್ಕದಲ್ಲಿಟ್ಟಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ತಮ್ಮ ನಕ್ಕು ನಕ್ಕು ಸಾಕಾಗಿ, ಅವಳ ಫೋನಿನಲ್ಲೇ ಅದರ ಫೋಟೋ ತೆಗೆದು, ಅಂತರ್ಜಾಲದಲ್ಲಿ ಒಂದು ಪುಟ ತೆರೆದು ಹಾಕಿದ. ಅಕ್ಕನ ಕಾಗದಪತ್ರದಲ್ಲಿ ಏನೋ ತಪ್ಪಿದ್ದುದರಿಂದ ಆ ಫೋನಿನ ಸಿಮ್ ಅವನ ಹೆಸರಿನಲ್ಲಿತ್ತು.

ಅಂದಿನಿಂದ ದಿನಾ ಬೆಳಿಗ್ಗೆ ಅವಳೇ ಹಾಕತೊಡಗಿದಳು, ಒಂದು ಲೋಟ, ಒಂದು ರೀಲು. ಬೈಗುಳವಿಲ್ಲ, ಬರಹವೇ ಇಲ್ಲ. ನೋಡನೋಡುತ್ತ ಬೇರೆ ಬೀದಿಯವರು, ಬೇರೆ ಊರಿನವರೂ ತಮ್ಮ ಲೋಟಗಳ ಫೋಟೋ ಹಾಕತೊಡಗಿದರು. ಒಬ್ಬರು ಪಕ್ಕದಲ್ಲಿ ಇಟ್ಟಿಗೆ ಚೂರು ಇಟ್ಟರು, ಒಬ್ಬರು ಬೂಟ್ ಪಾಲಿಶ್ ಡಬ್ಬಿ. ಯಾರೋ ಒಬ್ಬ ತನ್ನ ನಾಯಿಯನ್ನೇ ಕೂರಿಸಿದ್ದ. ಅಷ್ಟು ಜನ ಒಟ್ಟಿಗೆ ನಗುವುದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಒಂದು ದಿನ ನೀರು ಖಾಕಿ ಬಣ್ಣದಲ್ಲಿ ಬಂತು. ಅವಳು ಖಾಕಿ ರೀಲು ಇಟ್ಟಳು. ಬೇರೆ ಇನ್ನೇನು ಇಡಲು ಸಾಧ್ಯವಿತ್ತು?

ಅದಾದ ಮೇಲೆ ಪೊಲೀಸರು ಬಂದರು. ಈ ನಂಬರ್ ಯಾರದು ಎಂದು ಕೇಳಿದರು. ತಮ್ಮ, ನನ್ನದು ಎಂದ. ಅವನನ್ನೂ ಫೋನನ್ನೂ ಜೀಪಿಗೆ ಹಾಕಿಕೊಂಡರು. ಲೋಟ ನನ್ನದು, ರೀಲು ನನ್ನದು, ಹಾಕಿದವಳು ನಾನು ಎಂದು ದಾರದಕ್ಕ ಹೇಳುತ್ತಲೇ ಇದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾವಿಬ್ಬರೂ ಹಿಂದೆಯೇ ಠಾಣೆಗೆ ನಡೆದೆವು.

ಅಲ್ಲಿ ಠಾಣೆಯ ಗುಮಾಸ್ತ ಫೋನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಹೊಲಿಯುತ್ತಿದ್ದ. ವಶಕ್ಕೆ ತೆಗೆದುಕೊಂಡ ವಸ್ತುವನ್ನು ನಾಲ್ಕು ಕಡೆ ಹೊಲಿದು, ಹೊಲಿಗೆಯ ಮೇಲೆ ಅರಗಿನ ಮುದ್ರೆ ಒತ್ತಬೇಕಂತೆ. ಪಾಪ, ಅವನಿಗೆ ಸೂಜಿ ಹಿಡಿದೂ ಗೊತ್ತಿರಲಿಲ್ಲ. ಎರಡು ಸಲ ಬೆರಳಿಗೆ ಚುಚ್ಚಿಕೊಂಡ, ದಾರ ಗಂಟಾಯಿತು, ಬಟ್ಟೆಗೆ ರಕ್ತ ಹತ್ತಿತು. ದಾರದಕ್ಕ ನೋಡುವಷ್ಟು ಹೊತ್ತು ನೋಡಿದಳು. ಆಮೇಲೆ "ಕೊಡಿ ಇಲ್ಲಿ" ಎಂದು ಕೈಚಾಚಿದಳು. ಅವನೂ ಕೊಟ್ಟುಬಿಟ್ಟ. ಬೇರೆ ಬಟ್ಟೆ ಕೇಳಿ, ಅಂಚು ಒಳಗೆ ಮಡಚಿ, ಬಿಚ್ಚದ ಹಾಗೆ ಒತ್ತೊತ್ತಾಗಿ ಹೊಲಿಗೆ ಹಾಕಿ, ತನ್ನ ಫೋನನ್ನು ತಾನೇ ಒಳಗೆ ಹೊಲಿದಳು. ಗುಮಾಸ್ತ ಅರಗು ಕಾಯಿಸಿ ಮುದ್ರೆ ಒತ್ತಿದ.

ಆಗ ಅಧಿಕಾರಿ ಬಂದರು. ಕೂಗಾಡುವ ಮನುಷ್ಯರಲ್ಲ. ಆ ಫೋಟೋಗಳಿಂದ ಜನರಲ್ಲಿ ಗಾಬರಿ ಹುಟ್ಟುತ್ತಿದೆ, ಮೇಲಿನಿಂದ ಆದೇಶವಿದೆ ಎಂದು ವಿವರಿಸಿ ಹೇಳಿದರು. ಕೊನೆಗೆ, "ಎಲ್ಲಾ ಅಳಿಸ್ಬಿಡಿ ಅಮ್ಮ, ತಮ್ಮನ್ನ ಕರ್ಕೊಂಡು ಹೋಗಿ" ಎಂದರು.

"ಈಗ್ಲೇ ಅಳಿಸ್ತೀನಿ" ಎಂದು ದಾರದಕ್ಕ ಮೇಜಿನ ಕಡೆ ತಿರುಗಿದಳು. ಅರಗಿನಿಂದ ಇನ್ನೂ ಹೊಗೆ ಏಳುತ್ತಿತ್ತು.

ಮುದ್ರೆ ಒಡೆಯುವ ಅಧಿಕಾರ ನ್ಯಾಯಾಲಯಕ್ಕೆ ಮಾತ್ರ ಇತ್ತು. ನಮ್ಮ ಬೀದಿಯ ಮೊಬೈಲ್ ಅಂಗಡಿಯವನು ತನ್ನ ಕಂಪ್ಯೂಟರಿನಲ್ಲಿ ಪುಟ ತೆರೆಯಲು ನೋಡಿದ. ತೆರೆಯಲು ಬೇಕಾದ ಗುಪ್ತ ಸಂಖ್ಯೆ, ಅಂದರೆ ಓಟಿಪಿ, ಆ ಫೋನಿಗೇ ಹೋಗುತ್ತದೆ ಎಂದ. ಅದೇ ನಂಬರಿನ ಹೊಸ ಸಿಮ್ ಬೇಕೆಂದರೆ ಹೆಸರಿದ್ದವನೇ ಬಂದು ಹೆಬ್ಬೆಟ್ಟು ಒತ್ತಬೇಕು. ಹೆಸರಿದ್ದವನು ಒಳಗೆ. ನ್ಯಾಯಾಲಯದ ದಿನಾಂಕ ಮುಂದೆ ಮುಂದೆ ಹೋಗುತ್ತಿತ್ತು. ಇದನ್ನೆಲ್ಲ ಠಾಣೆಯಲ್ಲಿ ಹೇಳಿದಾಗ ಅಧಿಕಾರಿ ತಲೆ ಕೆರೆದುಕೊಂಡರು. ಗುಮಾಸ್ತ ಮಾತ್ರ, "ನೀವ್ಯಾಕಮ್ಮ ಅಷ್ಟು ಗಟ್ಟಿಯಾಗಿ ಹೊಲಿದ್ರಿ? ನಾನು ಹೊಲಿದಿದ್ರೆ ಇಷ್ಟೊತ್ತಿಗೆ ತಾನೇ ಬಿಚ್ಕೊಂಡಿರೋದು" ಎಂದ. ತಮಾಷೆಗೇ ಹೇಳಿದ್ದು. ಯಾರೂ ನಗಲಿಲ್ಲ.

ದಾರದಕ್ಕ ಅಳಲಿಲ್ಲ. ನನಗೆ ಅದೇ ಭಯವಾಗಿತ್ತು. ಬಂದ ಬಟ್ಟೆ ಹೊಲಿಯುವಳು, ಹೊತ್ತಿಗೆ ಸರಿಯಾಗಿ ತಮ್ಮನಿಗೆ ಊಟದ ಡಬ್ಬಿ ಒಯ್ಯುವಳು, ಬಂದು ಮತ್ತೆ ಮಷೀನಿಗೆ ಕೂರುವಳು. ಒಂದು ದಿನ ನೀಲಿ ಸಮವಸ್ತ್ರಕ್ಕೆ ಕಪ್ಪು ದಾರ ಹಾಕಿ ಹೊಲಿದಿದ್ದಳು. ನಾನು ತೋರಿಸಿದೆ. ನೋಡಿದಳು. "ಹೂಂ" ಎಂದು ಹಾಗೆಯೇ ಮಡಚಿಟ್ಟಳು. ದಿನಾ ದೀಪ ಹಚ್ಚುವಾಗ ಅವಳ ತಮ್ಮನ ಮುಖವನ್ನು ದೇವರ ಮುಂದೆ ತಂದು ನಿಲ್ಲಿಸುವುದಷ್ಟೇ ನನ್ನಿಂದ ಆಗುತ್ತಿದ್ದದ್ದು.

ಕೊನೆಗೆ ಅದು ತಾನಾಗಿಯೇ ಬಗೆಹರಿಯಿತು. ಲೋಟಗಳ ಫೋಟೋ ಇದ್ದ ಎಲ್ಲ ಪುಟಗಳನ್ನೂ ಸರ್ಕಾರ ಒಟ್ಟಿಗೆ ಮುಚ್ಚಿಸಿತು. ಅಧಿಕಾರಿ ಠಾಣೆಯ ಕಂಪ್ಯೂಟರಿನಲ್ಲಿ ಹುಡುಕಿದರು, ಪುಟ ಲಭ್ಯವಿಲ್ಲ ಎಂದು ಬಂತು. ಅಳಿಸಲಾಗಿದೆ ಎಂದು ಬರೆದುಕೊಂಡು ಅವತ್ತೇ ತಮ್ಮನನ್ನು ಬಿಟ್ಟರು. ಮೊಬೈಲ್ ಅಂಗಡಿಯವನು ದಾರಿಯಲ್ಲಿ ಸಿಕ್ಕಿ, ಹೊರದೇಶದವರಿಗೆ ಎಲ್ಲವೂ ಹಾಗೆಯೇ ಕಾಣುತ್ತದೆ, ನಮಗೆ ಮಾತ್ರ ಮುಚ್ಚಿದ್ದಾರೆ ಎಂದು ಪಿಸುಮಾತಿನಲ್ಲಿ ಹೇಳಿದ.

"ನಮಗೆ ನಲ್ಲೀಲೇ ಕಾಣ್ಸುತ್ತಲ್ಲಪ್ಪ" ಎಂದು ದಾರದಕ್ಕ ಮುಂದೆ ನಡೆದಳು.

ತಮ್ಮನ ಮೈಮೇಲೆ ಏಟಿನ ಗುರುತುಗಳಿರಲಿಲ್ಲ. ಅವಳು ಹಳೆಯ ಅಳತೆಗೇ ಹೊಸ ಅಂಗಿ ಹೊಲಿದಳು. ಅದು ಅವನ ಮೇಲೆ ಮೊಳೆಗೆ ನೇತುಹಾಕಿದ ಹಾಗೆ ಜೋತಾಡಿತು. ತೋಳು ಬೆರಳಿನ ಗೆಣ್ಣಿನವರೆಗೆ ಇಳಿದಿತ್ತು. ಅವಳು ಅವನ ಬಾಯನ್ನೇ ನೋಡುತ್ತ ನಿಂತಳು. "ಸರಿಯಾಗಿದೆ" ಎಂದು ಅವನು ಗುಂಡಿ ಹಾಕಿಕೊಂಡ. ಈಗ ಮೆಟ್ಟಿಲು ಹತ್ತಿಕೊಂಡೇ ಕೆಲಸಕ್ಕೆ ಹೋಗುತ್ತಾನಂತೆ. ತಾನೇ ರಿಪೇರಿ ಮಾಡಿದ ಲಿಫ್ಟಿನಲ್ಲೂ ಬಾಗಿಲು ಮುಚ್ಚಿಕೊಂಡು ನಿಲ್ಲುವುದಿಲ್ಲವಂತೆ.

ಮರುವರ್ಷ ಪ್ರಕರಣ ಕೈಬಿಟ್ಟರು. ವಸ್ತು ತೆಗೆದುಕೊಂಡು ಹೋಗಿ ಎಂದು ಹೇಳಿಕಳಿಸಿದರು. ಫೋನಿನ ಪೊಟ್ಟಣ ತಂದು ಮೇಜಿನ ಮೇಲಿಟ್ಟಾಗ ತಮ್ಮ ಅಲ್ಲೇ ಕೂತು ತಟ್ಟೆಯಲ್ಲಿದ್ದದ್ದನ್ನು ಉಣ್ಣುತ್ತಿದ್ದ. ದಾರದಕ್ಕ ಅದನ್ನು ಕಿಟಕಿಗೆ ಹಿಡಿದು, ನಾಲ್ಕೂ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದಳು.

"ಇದು ನನ್ನ ಹೊಲಿಗೇನೇ. ಯಾರೂ ಬಿಚ್ಚೇ ಇಲ್ಲ."

ತಮ್ಮ ತುತ್ತು ಅಲ್ಲೇ ಬಿಟ್ಟ. "ಒಳಗಿದ್ದಾಗ ದಿನಾ ಹೇಳೋರು ನಂಗೆ. ಫೋನ್ ನೋಡ್ತಾ ಇದೀವಿ, ತುಂಬಾ ಇದೆ ಅದ್ರಲ್ಲಿ, ಇನ್ನೂ ಮುಗಿದಿಲ್ಲ ಅಂತ."

ಅಕ್ಕ ಪೊಟ್ಟಣವನ್ನು ಮೇಜಿನ ಮೂಲೆಗೆ ಸರಿಸಿದಳು. ಅವನು ಉಳಿದದ್ದನ್ನು ಉಂಡು, ತಟ್ಟೆ ತೊಳೆದಿಟ್ಟ. ನಲ್ಲಿಯಲ್ಲಿ ಅವತ್ತು ತಿಳಿ ಹಳದಿ ಬರುತ್ತಿತ್ತು.

ದಿನಕ್ಕೆ ಎಷ್ಟೋ ಹೊಲಿಗೆ ಬಿಚ್ಚುವ ಕೈ ಅವಳದು. ಬ್ಲೇಡು ಪಕ್ಕದಲ್ಲೇ ಇರುತ್ತದೆ. ಆದರೂ ಆ ಪೊಟ್ಟಣ ಇವತ್ತಿಗೂ ಹಾಗೆಯೇ ಇದೆ. ಬಟ್ಟೆ ಕತ್ತರಿಸುವಾಗ ಜಾರದಂತೆ ಮೂಲೆಗೆ ಏನಾದರೂ ಭಾರ ಇಡಬೇಕಲ್ಲ, ಅದಕ್ಕೆ ಅದನ್ನೇ ಇಡುತ್ತಾಳೆ. ಅಷ್ಟೇನೂ ಭಾರವಿಲ್ಲ, ತೆಳು ಬಟ್ಟೆಗೆ ಸಾಕಾಗುತ್ತದೆ. ದಪ್ಪ ಬಟ್ಟೆ ಬಂದರೆ ಇನ್ನೊಂದು ಮೂಲೆಯನ್ನು ನಾನು ಹಿಡಿದುಕೊಳ್ಳುತ್ತೇನೆ.