ಕಂಪ್ಯೂಟರಿಗಾಗಿ ಕನ್ನಡ ತೆಗೆದುಕೊಂಡ ಕಮಲಾತಾಳ್

ಹತ್ತಿ ಕೊಳ್ಳುವವನು ಬೇಲ್‌ನ, ಅಂದರೆ ಒತ್ತಿ ಕಟ್ಟಿದ ಮೂಟೆಯ, ಮೇಲ್ಮೈ ನೋಡಿ ಮೋಸ ಹೋಗುವುದಿಲ್ಲ. ಒಳಗಿನಿಂದ ಒಂದು ಹಿಡಿ ಕಿತ್ತು, ಬೆರಳುಗಳ ನಡುವೆ ಎಳೆದು, ಎಳೆ ಎಷ್ಟು ಉದ್ದ, ಬಲ ಎಷ್ಟು, ಕಸ ಎಷ್ಟು ಎಂದು ನೋಡುತ್ತಾನೆ. ನನ್ನ ಅಕ್ಕನ ಮಗಳು ಕಮಲಾತಾಳನ್ನು ಹಾಗೆ ಕಿತ್ತು ನೋಡಿದರೆ, ಎಳೆ ಗಿಡ್ಡ. ಚಪ್ಪಲಿ ಹಾಕಿಕೊಂಡು ನಿಂತರೂ ನನ್ನ ಭುಜ ಮುಟ್ಟುವುದಿಲ್ಲ. ಬಲ ಜಾಸ್ತಿ, ಅವಳು ಹಿಡಿದದ್ದನ್ನು ಬಿಡಿಸಿದವರನ್ನು ನಾನು ಇನ್ನೂ ನೋಡಿಲ್ಲ. ಕಸ ಇದೆ, ಸುಳ್ಳು ಹೇಳಬಾರದು. ಆದರೆ ಎಲ್ಲವೂ ನಾಲಿಗೆಯ ಮೇಲೇ ಇದೆ, ಒಳಗೆ ಇಲ್ಲ. ಇಂಥ ಸರಕು ಸಿಕ್ಕಿದರೆ ನಾನು ಮುಖ ಹುಳಿ ಮಾಡಿಕೊಂಡು, "ಏನೋ ಪರವಾಗಿಲ್ಲ" ಎಂದು ಕೊಂಡು, ಗೋಡೌನ್ ಬಾಗಿಲು ಹಾಕಿಕೊಂಡ ಮೇಲೆ ನಗುತ್ತೇನೆ.

ಅವಳ ಅಪ್ಪ ಲಿಂಗಪ್ಪನ್‌ಗೆ ಪಲ್ಲಡಂ ಹತ್ತಿರ ತೋಟ, ಅದರಲ್ಲಿ ಕೋಳಿ ಫಾರಂ. ನನಗೆ ತಿರುಪ್ಪೂರಿನಲ್ಲಿ ಹತ್ತಿ ವ್ಯಾಪಾರ. ನಾವು ಕನ್ನಡದವರು ಈ ಕಡೆ ಬಂದು ಎಷ್ಟು ತಲೆಮಾರಾಯಿತೋ ಯಾರಿಗೂ ಗೊತ್ತಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕೋಳಿಯನ್ನು ಕನ್ನಡದಲ್ಲಿ ಓಡಿಸುತ್ತೇವೆ, ತಮಿಳಿನಲ್ಲಿ ಮಾರುತ್ತೇವೆ.

ಎಂಬತ್ತಾರರಲ್ಲಿ ಕಮಲಾತಾಳ್‌ಗೆ ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಕಂಪ್ಯೂಟರ್ ಸೈನ್ಸ್ ಸಿಕ್ಕಿತು. ಆಗ ಆ ಹೆಸರೇ ಹೊಸದು. ಸೀಟು ಸಿಕ್ಕಿದ ಮೇಲೆ ಇನ್ನೂ ಎರಡು ವಿಷಯ ನಾವೇ ಆರಿಸಬೇಕು ಅಂದರು. ಒಂದು ಭಾಷೆ, ಇನ್ನೊಂದು, ಮುಖ್ಯ ವಿಷಯದ ಜೊತೆಗೆ ಕಲಿಯುವ ಆನ್ಸಿಲರಿ. ಅದಕ್ಕೆ ತೋಟದಲ್ಲಿ ಪಂಚಾಯ್ತಿ ಕೂಡಿತು.

"ಅಕೌಂಟ್ಸ್ ತಕೋ ಕಣ್ಣು," ಅಂದ ಲಿಂಗಪ್ಪನ್, ಮಗಳನ್ನು ಮುದ್ದಿನಿಂದ ಕರೆದು. "ಕೋಳಿ ಲೆಕ್ಕಕ್ಕಾದ್ರೂ ಆಯ್ತದೆ."

ಅವನ ತಾಯಿ ರಾಮಾತಾಳ್ ವೀಳ್ಯದೆಲೆ ಮಡಿಸುತ್ತ ಕೇಳಿದಳು, "ಆ ಕಂಪ್ಯೂಟರು ಅಂದ್ರೆ ಯಾತರದ್ದು? ಮೊಟ್ಟೆ ಇಡ್ತದಾ?"

"ಇಲ್ಲ ಅಜ್ಜಿ. ಮೊಟ್ಟೆ ಎಷ್ಟು ಅಂತ ಹೇಳ್ತದೆ."

"ಅದ ಹೇಳಕ್ಕೆ ನಾನಿಲ್ವಾ?"

ಹುಡುಗಿ ಎಲ್ಲರ ಮಾತಿಗೂ ತಲೆಯಾಡಿಸಿದಳು. ಮಾರನೆಯ ದಿನ ಕಾಲೇಜಿಗೆ ಹೋಗಿ ಅಕೌಂಟ್ಸ್ ಬಿಟ್ಟು ಸ್ಟಾಟಿಸ್ಟಿಕ್ಸ್‌ಗೆ ಹೆಸರು ಕೊಟ್ಟಳು. ತಮಿಳು ಬಿಟ್ಟು ಕನ್ನಡಕ್ಕೆ ಹೆಸರು ಕೊಟ್ಟಳು. ಭಾನುವಾರ ನನ್ನ ಗೋಡೌನ್‌ಗೆ ಬಂದು ಹತ್ತಿ ಬೇಲ್ ಮೇಲೆ ಹತ್ತಿ ಕೂತು ಈ ಸುದ್ದಿ ಹೇಳಿದಳು.

"ಸ್ಟಾಟಿಸ್ಟಿಕ್ಸ್ ಯಾತಕ್ಕೆ?" ಅಂದೆ.

"ಆ ಕ್ಲಾಸು ಕಂಪ್ಯೂಟರ್ ರೂಮಿನ ಪಕ್ಕದಲ್ಲೇ ಇದೆ ಮಾಮಾ. ಬೆಲ್ ಹೊಡೆದ ಕೂಡಲೇ ಮೊದಲು ನುಗ್ಗಬಹುದು."

"ಕನ್ನಡ ಯಾತಕ್ಕೆ?"

ಆಗ ಅವಳು ನಿಜವಾದ ವ್ಯಾಪಾರ ಬಿಚ್ಚಿದಳು. ಉಕ್ಕಡಂ ಕೆರೆಯ ಆಚೆ ಇರುವ ಆ ಕಾಲೇಜಿನಲ್ಲಿ ಕಂಪ್ಯೂಟರ್ ಇದ್ದದ್ದು ನಾಲ್ಕೇ. ಅವಕ್ಕೆ ಒಂದು ಏಸಿ ರೂಮು. ಚಪ್ಪಲಿ ಹೊರಗೆ ಬಿಟ್ಟು, ದೇವರ ಮನೆಗೆ ಹೋದಂತೆ ಒಳಗೆ ಹೋಗಬೇಕು. ಕ್ಲಾಸಿನವರನ್ನು ಭಾಷೆ ನೋಡಿ ಎರಡು ತಂಡ ಮಾಡಿದ್ದರು. ತಮಿಳು ತೆಗೆದುಕೊಂಡವರೆಲ್ಲ ಒಂದು ತಂಡ, ಉಳಿದ ಭಾಷೆಯವರು ಇನ್ನೊಂದು. ತಮಿಳು ತಂಡದಲ್ಲಿ ಒಂದು ಯಂತ್ರಕ್ಕೆ ಏಳು ಜನ. ಉಳಿದ ಭಾಷೆಯ ತಂಡದಲ್ಲಿ ಇದ್ದವರು ಮೂರೇ ಜನ: ಮಲಯಾಳಂ ತೆಗೆದುಕೊಂಡ ಪಾಲಕ್ಕಾಡಿನ ಇಬ್ಬರು ಹುಡುಗಿಯರು, ಹಿಂದಿಯ ಒಬ್ಬ ಸೇಟು ಹುಡುಗ.

"ಹೆಸರು ಕೊಡಕ್ಕೆ ಮುಂಚೆ ಬಾಗಿಲ ಗಾಜಿಂದ ನೋಡ್ದೆ ಮಾಮಾ. ಏಳು ಕರು, ಒಂದು ಹಸು. ಮುಂದೆ ಇಬ್ಬರು ಗಂಡುಡುಗ್ರು ಕುರ್ಚಿ ಹಿಡ್ಕೊಂಡ್ರೆ ಹಿಂದಿನವರಿಗೆ ಕಾಣೋದು ಅವರ ಬೆನ್ನು. ನಾನು ಮೂರು ವರ್ಷ ಬೆನ್ನು ನೋಡಿ ಡಿಗ್ರಿ ತಗೋಬೇಕಾ? ಈ ಕಡೆ ಬಂದ್ರೆ ನಾಲ್ಕು ಜನಕ್ಕೆ ನಾಲ್ಕು. ಒಂದು ಪೂರಾ ನನಗೆ."

ನಾನು ಒಳಗೊಳಗೇ ಮೆಚ್ಚಿದೆ. ಬೇಕಾದ ಸರಕಿಗೆ ಬೇಡದ ಸರಕನ್ನು ಸೇರಿಸಿ ಕೊಳ್ಳುವುದು ನಮ್ಮ ಬಜಾರಿನಲ್ಲಿ ದಿನವೂ ನಡೆಯುವ ಮಾತು. ಆದರೂ ಒಂದು ಕೇಳಿದೆ: "ಕನ್ನಡ ಓದಕ್ಕೆ ಬರ್ತದಾ ನಿನಗೆ?"

"ಹುಟ್ಟಿದಾಗಿಂದ ಮಾತಾಡ್ತಾ ಇದೀನಿ. ಓದಕ್ಕೆ ಎಷ್ಟೊತ್ತು?"

ಆ ಉತ್ತರ ನಮ್ಮ ಜನ ಮಾತ್ರ ಕೊಡಬಲ್ಲರು. ನಮ್ಮ ಇಡೀ ವಂಶದಲ್ಲಿ ಕನ್ನಡ ಅಕ್ಷರ ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಮೈಸೂರು ಬಸ್ಸಿನ ಬೋರ್ಡ್ ನೋಡಿ "ತೆಲುಗು ಬಸ್ಸು" ಅನ್ನುವವರು ನಾವು. ಅಕ್ಷರ ಇಲ್ಲ ಎಂಬುದು ಕೊರತೆ ಅಂತಲೂ ನಮಗೆ ಹೊಳೆದಿರಲಿಲ್ಲ. ಉಸಿರಾಡುವುದಕ್ಕೆ ಪುಸ್ತಕ ಬೇಕೇ?

ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದವರು ವೇದವತಿ ಅಂತ. ಮೈಸೂರಿನವರು, ಮದುವೆಯಾಗಿ ಕೊಯಮತ್ತೂರಿಗೆ ಬಂದವರು. ಆ ವರ್ಷ ಮೊದಲನೆಯ ವರ್ಷಕ್ಕೆ ಅವರಿಗೆ ಸಿಕ್ಕಿದ ವಿದ್ಯಾರ್ಥಿನಿ ಇವಳೊಬ್ಬಳೇ. ಸಂತೋಷದಿಂದ ಪುಸ್ತಕ ತೆರೆದು ಮುಂದಿಟ್ಟು "ಓದಮ್ಮ" ಅಂದರಂತೆ.

ಇವಳು ಪುಸ್ತಕವನ್ನು ಗೌರವದಿಂದ ಅವರ ಕಡೆಗೇ ತಳ್ಳಿ, "ನೀವು ಓದಿ ಮಿಸ್. ನಾನು ಕೇಳ್ತೀನಿ. ಕೇಳೋದ್ರಲ್ಲಿ ನಮ್ಮ ಮನೇಲಿ ನಾನೇ ಮೊದಲು," ಅಂದಳು.

ವೇದವತಿಯವರಿಗೆ ವಿಷಯ ಅರ್ಥವಾಯಿತು. "ಪರೀಕ್ಷೆಯಲ್ಲಿ ಯಾರು ಓದಿ ಹೇಳ್ತಾರೆ ತಾಯಿ? ಫೇಲಾಗ್ತೀಯ. ನಾಳೆಯೇ ತಮಿಳಿಗೆ ಹೋಗಿಬಿಡು."

ತಮಿಳಿಗೆ ಹೋದರೆ ಏಳು ಕರುಗಳ ಜೊತೆ ಎಂಟನೆಯದು. ಇವಳು ಅಲ್ಲೇ ಕೂತು ಚೌಕಾಸಿ ಶುರು ಮಾಡಿದಳು. ಕೊನೆಗೆ ಮಾತು ಹೀಗೆ ಮುಗಿಯಿತು: ಭಾಷೆ ಬದಲಾಯಿಸಲು ಆಗಸ್ಟ್ ಕೊನೆಯವರೆಗೆ ಅವಕಾಶ ಇದೆ. ಅಷ್ಟರೊಳಗೆ ಪುಸ್ತಕದ ಒಂದು ಪುಟ ಓದಿ ತೋರಿಸಿದರೆ ಕನ್ನಡದಲ್ಲಿ ಇರಬಹುದು. ಇಲ್ಲದಿದ್ದರೆ ವೇದವತಿಯವರೇ ಸಹಿ ಹಾಕಿ ತಮಿಳಿಗೆ ಕಳಿಸುತ್ತಾರೆ.

ಮುಂದಿನ ಭಾನುವಾರ ಅವಳು ಅಕ್ಷರಮಾಲೆ ಹಿಡಿದುಕೊಂಡು ಗೋಡೌನ್‌ಗೆ ಬಂದಳು.

"ಮಾಮಾ, ಕೂತ್ಕೊಳ್ಳಿ. ನಿಮಗೆ ಕಲಿಸ್ತೀನಿ."

"ಪರೀಕ್ಷೆ ನಿನಗಾ ನನಗಾ?"

"ಇನ್ನೊಬ್ಬರಿಗೆ ಹೇಳಿಕೊಟ್ರೆ ನನಗೆ ನಿಲ್ತದೆ. ನನಗಿಂತ ದಡ್ಡರು ಬೇಕು. ಅಪ್ಪ ಒಪ್ಪಲಿಲ್ಲ."

ಹೀಗೆ ನಾನು ಎರಡನೆಯ ಆಯ್ಕೆಯಾಗಿ ಕೂತೆ. ಕ, ಖ, ಗ, ಘ ಬಂದಾಗ ತಕರಾರು ತೆಗೆದೆ. ತಮಿಳಿನಲ್ಲಿ ಒಂದೇ ಕ ಇಟ್ಟುಕೊಂಡು ಇಷ್ಟು ಕೋಟಿ ಜನ ಬದುಕುತ್ತಿದ್ದಾರೆ. ಇವರಿಗೆ ನಾಲ್ಕು ಯಾಕೆ? ಸುಮ್ಮನೆ ಸ್ಟಾಕು ಹೆಚ್ಚು.

"ಬನಿಯನ್ ಎಷ್ಟು ಸೈಜಲ್ಲಿ ಹೊಲೀತಾರೆ ಮಾಮಾ ನಿಮ್ಮ ತಿರುಪ್ಪೂರಲ್ಲಿ?"

"ಎಪ್ಪತ್ತೈದು, ಎಂಬತ್ತು, ಎಂಬತ್ತೈದು, ತೊಂಬತ್ತು..."

"ಎಲ್ಲರಿಗೂ ಎಂಬತ್ತೇ ಹಾಕಿ, ನೋಡೋಣ."

ನಾನು ಬಾಯಿ ಮುಚ್ಚಿಕೊಂಡು ಖ ಬರೆದೆ.

ಮೂರನೆಯ ಭಾನುವಾರ ಅಕ್ಷರಗಳು ಅವಳ ಕೈಗೆ ಸಿಗತೊಡಗಿದ್ದವು. ಕಣ್ಣಿಗೆ ಕಂಡದ್ದನ್ನೆಲ್ಲ ಓದುವ ಹುಚ್ಚು ಹಿಡಿದಿತ್ತು. ನನ್ನ ಗೋಡೌನ್‌ನಲ್ಲಿ ರಾಣೆಬೆನ್ನೂರಿನಿಂದ ಬಂದ ಬೇಲ್‌ಗಳಿದ್ದವು. ಅವುಗಳ ಗೋಣಿಯ ಮೇಲೆ ಕಪ್ಪು ಮಸಿಯಲ್ಲಿ ಒಂದು ಸಾಲು ಕನ್ನಡ. ಅದು ಮಾಲೀಕನ ಹೆಸರು ಎಂದು ನಾನು ನಂಬಿದ್ದೆ. ಜಿಲೇಬಿ ಥರದ ಎರಡು ಅಕ್ಷರ, ಆಮೇಲೆ ಬಾಲ. ಸರಕು ಚೆನ್ನಾಗಿತ್ತು. ಹಾಗಾಗಿ ಆ ಸಾಲನ್ನು ಹಾಗೇ ನಕಲು ಮಾಡಿ ಕಾರ್ಡಿನಲ್ಲಿ ಬರೆದು, "ಈ ಕಂಪನಿಯ ಮಾಲೇ ಬೇಕು" ಎಂದು ಅಲ್ಲಿನ ಏಜೆಂಟ್‌ಗೆ ಕೇಳಿದ್ದೆ. "ನಮ್ಮಲ್ಲಿ ಎಲ್ಲ ಬೇಲ್ ಮೇಲೂ ಅದೇ ಇರುತ್ತೆ" ಎಂದು ಉತ್ತರ ಬಂದಿತ್ತು. ಎಂಥ ದೊಡ್ಡ ಮನುಷ್ಯ, ಇಡೀ ರಾಣೆಬೆನ್ನೂರನ್ನೇ ಹಿಡಿದುಕೊಂಡಿದ್ದಾನೆ ಅಂದುಕೊಂಡಿದ್ದೆ.

ಕಮಲಾತಾಳ್ ಬೆರಳಿಟ್ಟು ಓದಿದಳು. "ಕೊ... ಕ್ಕೆ... ಹಾ... ಕ... ಬೇ... ಡಿ."

"ಏನಂದೆ?"

"ಕೊಕ್ಕೆ ಹಾಕಬೇಡಿ. ಅಷ್ಟೇ ಮಾಮಾ, ಹೆಸರೇನೂ ಇಲ್ಲ."

ಆ ಹೊತ್ತಿಗೆ ನಮ್ಮ ಹಮಾಲಿ ಕರುಪ್ಪಸಾಮಿ ಪಕ್ಕದ ಬೇಲ್‌ಗೆ ಸರಿಯಾಗಿ 'ಬೇಡಿ' ಮೇಲೇ ಕೊಕ್ಕೆ ಹಾಕಿ ಎಳೆಯುತ್ತಿದ್ದ. ಅದರಲ್ಲಿ ಬರೆದಿರುವುದನ್ನು ತಮಿಳಿನಲ್ಲಿ ಹೇಳಿದೆ. ಅವನು ಕೊಕ್ಕೆ ಬಿಡಿಸಿ, ಬೇಲ್‌ನ ಸುತ್ತ ಒಂದು ಸಲ ನಡೆದು ಬಂದು ಕೇಳಿದ: "ಹಂಗಾದ್ರೆ ಎತ್ತೋದು ಹೆಂಗೆ ಅಂತ ಎಲ್ಲಾದ್ರೂ ಬರೆದಿದ್ದಾರಾ?"

ಹುಡುಗಿ ಬೇಲ್ ಮೇಲಿಂದ ಬೀಳುವಷ್ಟು ನಕ್ಕಳು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಆಗಸ್ಟ್ ಕೊನೆ ಬಂತು. ಓದುವುದು ಬರುತ್ತಿತ್ತು, ಆದರೆ ಹಳೇ ಎತ್ತಿನಗಾಡಿ ವೇಗ. ಒಂದು ಪುಟ ಮುಗಿಯುವುದರೊಳಗೆ ಪೀರಿಯಡ್ ಮುಗಿಯುತ್ತಿತ್ತು. ಆ ದಿನ ಏನಾಯಿತು ಎಂದು ಅವಳೇ ಹೇಳಿದಳು. ಆಮೇಲೆ ವೇದವತಿಯವರೂ ಹೇಳಿದರು. ಇಬ್ಬರ ಲೆಕ್ಕವೂ ತಾಳೆಯಾಗಿದೆ, ಆದ್ದರಿಂದ ಬರೆಯುತ್ತಿದ್ದೇನೆ.

"ತೆಗಿ ಪುಸ್ತಕ. ಒಂದು ಪುಟ," ಅಂದರು ವೇದವತಿ.

ಕಮಲಾತಾಳ್ ಗುರುತು ಹಾಕಿಟ್ಟಿದ್ದ ಕಡೆ ತೆರೆದಳು. ಒಂದು ಪಾಠದ ಕೊನೆಯ ಪುಟ. ಮೇಲೆ ಮೂರೂವರೆ ಸಾಲು, ಕೆಳಗೆಲ್ಲ ಬಿಳಿ. ಮೂರೂವರೆ ಸಾಲನ್ನು ಎಡವದೆ ಓದಿ ಪುಸ್ತಕ ಮುಚ್ಚಿದಳು.

"ಇದೇನಿದು?"

"ಒಂದು ಪುಟ ಮಿಸ್."

"ಇದನ್ನ ಪುಟ ಅಂತಾರಾ?"

"ಪುಟ ಅಂದ್ರಿ. ತುಂಬಿದ ಪುಟ ಅಂದಿರ್ಲಿಲ್ಲ."

ವೇದವತಿಯವರಿಗೆ ಸಿಟ್ಟು ಬಂತು. ಮೈಸೂರಿನಲ್ಲಿ ಹೀಗೆ ಯಾರೂ ಅವರ ಜೊತೆ ಅಳತೆಯ ತಕರಾರು ಮಾಡಿರಲಿಲ್ಲ. "ಬಾಯಿಪಾಠ ಮಾಡ್ಕೊಂಡು ಬಂದಿದ್ದೀಯ. ಇಲ್ಲಿ ಓದು," ಎಂದು ತಾವೇ ನಡುವೆ ಎಲ್ಲೋ ತೆರೆದು ಬೆರಳಿಟ್ಟರು.

ಇವಳ ಕಣ್ಣ ಮುಂದೆ ಕುರ್ಚಿ ಹಿಡಿದ ಆ ಇಬ್ಬರು ಹುಡುಗರ ಬೆನ್ನು ಬಂತಂತೆ. "ಹೊ..." ಅಂದಳು. "ಹೊ... ತ್ತಾ... ರೆ." ನಿಂತಳು. ಇನ್ನೊಂದು ಸಲ ನೋಡಿದಳು. "ಹೊತ್ತಾರೆ! ಮಿಸ್, ಇದು ನಮ್ಮಜ್ಜಿ ಮಾತು! 'ಹೊತ್ತಾರೆ ಆಯ್ತು, ಏಳೇ ಕತ್ತೆ' ಅಂತ ದಿನಾ ಕೂಗ್ತಾರೆ. ಇದು ನಮ್ಮ ತೋಟದ ಮಾತು ಅಂದ್ಕೊಂಡಿದ್ದೆ. ಬುಕ್ಕಲ್ಲೂ ಹಾಕ್ತಾರಾ ಇದನ್ನ?"

ವೇದವತಿಯವರಿಗೇ ಆ ಮಾತನ್ನು ಬಾಯಲ್ಲಿ ಆಡುವವರು ಸಿಕ್ಕಿ ಎಷ್ಟೋ ಕಾಲವಾಗಿತ್ತು. ತಮಿಳಿಗೆ ಕಳಿಸಲು ತಂದಿದ್ದ ಬದಲಾವಣೆಯ ಚೀಟಿಯನ್ನು ನಾಲ್ಕಾಗಿ ಮಡಿಸಿ ಪರ್ಸಿನೊಳಗೆ ಹಾಕಿಕೊಂಡು, "ಉಳಿದ ಸಾಲು ಓದು. ಆ ಕತ್ತೆಯ ವಿಷಯ ಆಮೇಲೆ," ಅಂದರು.

ಕಂಪ್ಯೂಟರ್ ಖಾಯಂ ಅವಳದಾಯಿತು. ಸರಿಯಾಗಿ ಒಂದು ದಿನಕ್ಕೆ.

ಒಳ್ಳೆಯ ದರದ ಸುದ್ದಿ ಬಜಾರಿನಲ್ಲಿ ನಿಲ್ಲುವುದಿಲ್ಲ. ಕಮಲಾತಾಳ್ ಒಬ್ಬಳೇ ಯಂತ್ರದ ಮುಂದೆ ರಾಣಿಯಂತೆ ಕೂತಿರುವುದನ್ನು ಬಾಗಿಲ ಗಾಜಿನಿಂದ ನೋಡಿದ ಅದೇ ಕ್ಲಾಸಿನ, ನೆಗಮಂ ಊರಿನ ಮೂರು ಹುಡುಗರು, ಕೊನೆಯ ದಿನ ಸಾಯಂಕಾಲ ಆಫೀಸಿಗೆ ಓಡಿಹೋಗಿ ತಮಿಳು ಬಿಟ್ಟು ಕನ್ನಡಕ್ಕೆ ಹೆಸರು ಕೊಟ್ಟರು. ನೇಯ್ಗೆ ಮನೆಗಳವರು, ಸೀರೆ ಮಗ್ಗದ ಸದ್ದಿನಲ್ಲಿ ಬೆಳೆದವರು. ಅವರ ಮನೆಯ ಮಾತೂ ಕನ್ನಡವೇ! ಅಲ್ಲಿಯವರೆಗೆ ಆ ಗುಟ್ಟನ್ನು ಯಾರಿಗೂ ಹೇಳಿರಲಿಲ್ಲ. ಈಗ ನಾಲ್ಕು ಯಂತ್ರಕ್ಕೆ ಏಳು ಜನ. ಲ್ಯಾಬಿನ ಮೇಷ್ಟ್ರು ಜೋಡಿ ಮಾಡಿ ಕೂರಿಸಿದರು. ಕಮಲಾತಾಳ್ ಪಕ್ಕಕ್ಕೆ ದಿನಕ್ಕೊಬ್ಬ ನೆಗಮಂ ಹುಡುಗ.

ಅವಳು ಅಳುತ್ತಾಳೆ ಎಂದು ನಾನು ಸಮಾಧಾನದ ಮಾತು ಸಿದ್ಧ ಮಾಡಿಕೊಂಡಿದ್ದೆ. ಭಾನುವಾರ ಬಂದವಳು ಕಡಲೆ ಮಿಠಾಯಿ ಕಡಿಯುತ್ತಿದ್ದಳು.

"ಓದಕ್ಕೆ ಬರ್ತದಾ ಅವರಿಗೆ?" ಅಂದೆ.

"ಹುಟ್ಟಿದಾಗಿಂದ ಮಾತಾಡ್ತಾರಂತೆ," ಅಂದಳು, ಮುಖ ನೆಟ್ಟಗೆ ಇಟ್ಟುಕೊಂಡು. "ವೇದವತಿ ಮಿಸ್ ಪುಸ್ತಕ ಕೊಟ್ಟು ಓದು ಅಂದ್ರಲ್ಲ, ಮೂವರೂ ನನ್ನ ಕಾಲಿಗೆ ಬಿದ್ರು. ಅಕ್ಷರ ನೀನೇ ಕಲಿಸು ಅಕ್ಕಾ ಅಂತ."

"ಅಕ್ಕನಾ?"

"ಆಮಾ. ಅಷ್ಟು ಕಷ್ಟದಲ್ಲಿದ್ರು."

"ನೀನೇನಂದೆ?"

"ಕಲಿಸ್ತೀನಿ ಅಂದೆ. ದಿನಾ ಊಟದ ಹೊತ್ತಲ್ಲಿ, ಮರದ ಕೆಳಗೆ. ಆದ್ರೆ ಲ್ಯಾಬಲ್ಲಿ ನನ್ನ ಪಕ್ಕ ಯಾರು ಕೂತ್ರೂ ಕೈ ಎರಡೂ ಮಡಿಲಲ್ಲಿ ಇರಬೇಕು. ಕೀಬೋರ್ಡು ಮುಟ್ಟಿದ್ರೆ ಆ ದಿನ ಅಕ್ಷರ ಇಲ್ಲ."

"ಒಪ್ಪಿದ್ರಾ?"

"ಒಬ್ಬನು ಒಂದು ಸಲ ಬೆರಳು ಚಾಚ್ದ. ಅವನಿಗೆ ಇನ್ನೂ ಒತ್ತಕ್ಷರ ಹೇಳಿಕೊಟ್ಟಿಲ್ಲ."

ಮೂರು ವರ್ಷವೂ ಆ ಒಪ್ಪಂದ ನಡೆಯಿತು. ನೆಗಮಂನವರು ಮೂವರೂ ಕನ್ನಡದಲ್ಲಿ ಪಾಸಾದರು; ಒಬ್ಬನಂತೂ ಅವಳಿಗಿಂತ ಹೆಚ್ಚು ಮಾರ್ಕು ತೆಗೆದ, ಅದನ್ನು ಅವಳು ಇನ್ನೂ ಕ್ಷಮಿಸಿಲ್ಲ. ಕಂಪ್ಯೂಟರಿನಲ್ಲಿ ಮಾತ್ರ ಅವಳ ಹತ್ತಿರ ಯಾರೂ ಬರಲಿಲ್ಲ. ಅವಳ ಪಕ್ಕ ಕೂತ ದಿನ ಅವರ ಬೆರಳು ಕೀಬೋರ್ಡಿಗೆ ತಾಗಿದರೆ ತಾನೇ. ಈಗ ಅವಳು ಪಲ್ಲಡಂನಲ್ಲೇ, ಮೊಟ್ಟೆಗಳನ್ನು ಮರಿ ಮಾಡುವ ಒಂದು ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ದಿನವೂ ಮೊಟ್ಟೆ ಎಷ್ಟು ಎಂದು ಅದು ಹೇಳುತ್ತದೆ. ರಾಮಾತಾಳ್ ಒಮ್ಮೆ ಹೋಗಿ ನೋಡಿ ಬಂದು, ತಾನೇ ವಾಸಿ ಎಂದು ತೀರ್ಮಾನ ಕೊಟ್ಟಿದ್ದಾಳೆ.

ನನ್ನ ಗೋಡೌನ್‌ನಲ್ಲಿ ಭಾನುವಾರದ ಪಾಠ ಮುಂದುವರಿಯಿತು. ಹುಡುಗಿಗೆ ನನ್ನ ಅಗತ್ಯ ಮುಗಿದಿದ್ದರೂ ಬಿಡಲಿಲ್ಲ. ಹಿಡಿದದ್ದನ್ನು ಬಿಡುವ ಜಾತಿಯಲ್ಲ ಎಂದು ಮೊದಲೇ ಹೇಳಿದೆನಲ್ಲ. ಮೊದಲು ಬೇಲ್ ಓದಿದೆ, ಆಮೇಲೆ ಬಸ್ ಬೋರ್ಡ್, ಆಮೇಲೆ ರಾಣೆಬೆನ್ನೂರಿನ ಏಜೆಂಟನಿಗೆ ಕನ್ನಡದಲ್ಲೇ ಕಾರ್ಡ್ ಬರೆದೆ. ನನ್ನ ಅಂಕುಡೊಂಕು ಅಕ್ಷರ ನೋಡಿ ಅವನು ನನಗೆ ಹುಷಾರಿಲ್ಲವೇನೋ ಎಂದು ವಿಚಾರಿಸಿ ಉತ್ತರ ಬರೆದ.

ನನಗೆ ಕನ್ನಡ ಓದಲು ಬರೆಯಲು ಕಲಿಸಿದವಳು ಕಮಲಾತಾಳ್.