ಓನರಮ್ಮ ಹಾಕಿದ ಸಹಿ

ಚಂದಾಪುರದ ನಮ್ಮ ಮನೆ ಓನರಮ್ಮನಿಗೆ ಬೆರಳು ಮಡಿಸಲು ಬರುತ್ತಿರಲಿಲ್ಲ. ಚರ್ಮ ತಮಟೆಯ ಹಾಗೆ ಬಿಗಿದು ಹೊಳೆಯುತ್ತಿತ್ತು; ಚಳಿಗೆ ಬೆರಳ ತುದಿ ನೀಲಿಗಟ್ಟುತ್ತಿತ್ತು. ಬಾಯಿಯೂ ಪೂರ್ತಿ ತೆರೆಯದೆ, ಗೋಲಿಯಷ್ಟು ಮುದ್ದೆಯ ತುಣುಕೇ ಅದರೊಳಗೆ ಹಿಡಿಸುತ್ತಿತ್ತು. ಅಲ್ಲಿಂದ ಬರುವ ಬೈಗುಳಕ್ಕೆ ಮಾತ್ರ ಯಾವ ಅಡ್ಡಿಯೂ ಇರಲಿಲ್ಲ. ನೀರಿನ ಟ್ಯಾಂಕರಿನವನು ಅವರನ್ನು ಕಂಡರೆ ಗೇಟಿನಾಚೆಯೇ ನಿಲ್ಲುತ್ತಿದ್ದ.

ಸ್ಕ್ಲೀರೋಡರ್ಮಾ. ಮೈಯ ಕಾವಲು ಪಡೆಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ. ಅದು ಶ್ವಾಸಕೋಶಕ್ಕೂ ಇಳಿದಾಗ ದೊಡ್ಡಾಸ್ಪತ್ರೆಯವರು ಕಾಂಡಕೋಶದ, ಅಂದರೆ ರಕ್ತ ಹುಟ್ಟಿಸುವ ಸ್ಟೆಮ್ ಸೆಲ್‌ಗಳ, ಕಸಿಯ ಮಾತೆತ್ತಿದರು. ಜಿಗಣಿಯ ಔಷಧ ಕಾರ್ಖಾನೆಯಲ್ಲಿದ್ದ ನನಗೆ ಇಂಗ್ಲಿಷ್ ಬರುತ್ತದೆಂದು ಓನರಮ್ಮ ಜೊತೆಗೆ ಕರೆದೊಯ್ದಿದ್ದರು.

ಅವರದೇ ರಕ್ತದಿಂದ ಕಾಂಡಕೋಶ ತೆಗೆದಿಟ್ಟು, ಬಲವಾದ ಔಷಧಿಯಿಂದ ದಾರಿ ತಪ್ಪಿದ ಕಾವಲನ್ನು ಅಳಿಸಿ, ಆ ಕೋಶಗಳನ್ನೇ ವಾಪಸ್ ಏರಿಸುತ್ತಾರೆ. ಚಿಕಿತ್ಸೆಯಲ್ಲೇ ಕೆಲವರು ಸಾಯುವುದೂ ಉಂಟು ಎಂದರು ಡಾಕ್ಟರು. ನಾನು ಕೊನೆಯ ಮಾತನ್ನು ನುಂಗಿಕೊಂಡು, "ಸ್ವಲ್ಪ ಸುಸ್ತಾಗುತ್ತಂತೆ ಅಕ್ಕ" ಅಂದೆ.

"ಅವ್ರು ಅಷ್ಟೊತ್ತು ಮಾತಾಡಿದ್ದು ಇಷ್ಟೇನಾ?" ಓನರಮ್ಮ ನನ್ನನ್ನೇ ದಿಟ್ಟಿಸಿದರು. "ಮೂಗಿಗೆ ತುಪ್ಪ ಸವರಬ್ಯಾಡ ಕಣಮ್ಮ. ಕಾಯ್ಲೆ ನಂದು. ಸಾಯೋ ಮಾತಿದ್ರೆ ನಂಗೇ ಯೋಳು."

ಹೇಳಿದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಜೊತೆಗೆ ಬಂದಿದ್ದ ಅವರ ಯಜಮಾನರು "ಬ್ಯಾಡ ನಡಿ, ಮನೆಗೋಗಣ" ಎಂದು ಎದ್ದೇಬಿಟ್ಟರು.

"ಮನೇಲಿದ್ರೆ ಸಾಯಕಿಲ್ವಾ? ಇಂಗೇ ಮರಗಟ್ಕೊಂಡು ಸಾಯೋದಕ್ಕಿಂತ ಒಂದು ಕೈ ನೋಡೇಬಿಡ್ತೀನಿ."

ಹೆಬ್ಬೆಟ್ಟು ಸಾಕೆಂದ ನರ್ಸಿಗೆ "ಏಳ್ನೇ ಕ್ಲಾಸು ಓದಿವ್ನಿ!" ಎಂದು ರೇಗಿ, ಪೆನ್ನನ್ನು ಎರಡು ಅಂಗೈ ನಡುವೆ ಒತ್ತಿ ಹಿಡಿದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು.

ಕಸಿ ಮುಗಿಸಿಕೊಂಡು ಬೋಳು ತಲೆಯಲ್ಲಿ, ಮೈ ಅರ್ಧಕ್ಕರ್ಧ ಇಳಿದು ವಾಪಸಾದರು. ಹಳೆಯ ರಕ್ಷಣೆಯೆಲ್ಲ ಅಳಿಸಿಹೋಗಿದ್ದರಿಂದ ಎಳೆಮಕ್ಕಳ ಲಸಿಕೆಗಳನ್ನು ಮತ್ತೆ ಹಾಕಿಸಿಕೊಳ್ಳಬೇಕಿತ್ತು. ಲಸಿಕೆಯ ಸಾಲಿನಲ್ಲಿ "ಮಗು ಎಲ್ಲಮ್ಮ?" ಎಂದವರಿಗೆ "ನಾನೇ, ನೋಡ್ಕ" ಅಂದರಂತೆ. ಚರ್ಮ ಮೆಲ್ಲಗೆ ಸಡಿಲವಾಯಿತು, ಏದುಸಿರು ಕಡಿಮೆಯಾಯಿತು. ಖಾಲಿ ಸೈಟಿನಲ್ಲಿ ಅವರೆ ಬೆಳೆದು, ಕಾಳನ್ನು ತಾವೇ ಹಿತುಕಿ, ಬಾಡಿಗೆಯವರಿಗೆಲ್ಲ ಸಾರು ಹಂಚಿದರು. ಲೇಔಟ್ ಮಾಡುವವರು ಊರ ಕೆರೆಗೆ ಮಣ್ಣು ಸುರಿಯಲು ಬಂದಾಗ ಲಾರಿಗೆ ಅಡ್ಡ ಕೂತರು. ಲಾರಿ ಹಿಂದಕ್ಕೆ ಹೋಯಿತು.

ಹೋದ ವರ್ಷ ನ್ಯುಮೋನಿಯಾ ಬಂದು ತೀರಿಕೊಂಡರು. ತಿಥಿಯ ದಿನ ಅವರ ನಾದಿನಿ, "ಆಸ್ಪತ್ರೇಲಿ ಅಷ್ಟೆಲ್ಲ ಒದ್ದಾಡಿ ಏನ್ ಬಂತು?" ಎಂದರು. ತಿಥಿಯ ಮನೆಯಲ್ಲಿ ದನಿ ಏರಿಸಬಾರದೆಂದು ನನಗೆ ಗೊತ್ತು. ಏರಿಸಿದೆ.

"ಆರು ವರ್ಷ ಬಂತು ಕಣ್ರೀ!"